ಎರಡು ದಿನ ಅಘನಾಶಿನಿ ದಡದಲ್ಲಿ: ಮನೆಮಂದಿಯೆಲ್ಲ ಸೇರಿ ಫ್ಲೈ ಫಿಶಿಂಗ್ ಕಲಿತದ್ದು

ದೇವಿಮನೆ ಘಟ್ಟ, ಶಿರಸಿ

ಹೋದ ಶನಿವಾರ ಬೆಳಿಗ್ಗೆ ನಾವು ಐದು ಜನ ಘಟ್ಟ ಇಳಿದು ಕುಮಟಾ ಕಡೆ ಅತ್ತೆ ಮನೆಗೆ ಹೋಗಿದ್ದೆವು. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಅಪ್ಪ. ಅತ್ತೆ ಮನೆ ಮಿರ್ಜಾನ್ ಹತ್ತಿರ, ಅಘನಾಶಿನಿ ಹೊಳೆಗೆ ನಡೆದು ಹೋಗುವಷ್ಟು ದೂರ. ಅತ್ತೆಯ ಮಗ, ನನ್ನ ಭಾವ, ಕೆಲವು ವರ್ಷ ನ್ಯೂಜಿಲೆಂಡಿನಲ್ಲಿ ಕೆಲಸಕ್ಕಿದ್ದು ವಾಪಸ್ ಬಂದವರು. ಅಲ್ಲಿ ಫ್ಲೈ ಫಿಶಿಂಗ್ ಕಲಿತಿದ್ದಾರೆ. ಬರುವಾಗ ಎರಡು ರಾಡ್ ತಂದಿದ್ದಾರೆ. ಮಕ್ಕಳು ಅದನ್ನು ನೋಡಿದಾಗಿನಿಂದ ಬಿಟ್ಟಿರಲಿಲ್ಲ.

ನನಗೆ ಗಾಳ ಹೊಸದಲ್ಲ. ಎರೆಹುಳು ಸಿಕ್ಕಿಸಿ ಹಳ್ಳದಲ್ಲಿ ಕೂತವನು ನಾನು. ಆದರೆ ಇದು ಬೇರೆಯೇ ವಿದ್ಯೆ. ನಮ್ಮ ಗಾಳದಲ್ಲಿ ತುದಿಗೆ ಸೀಸದ ಗುಂಡು ಇರುತ್ತದೆ. ಅದರ ಭಾರಕ್ಕೆ ದಾರ ಹಿಂದೆ ಹಿಂದೆ ಹೋಗುತ್ತದೆ. ಇಲ್ಲಿ ತುದಿಯಲ್ಲಿರುವುದು ಗರಿ, ಉಣ್ಣೆ ಸುತ್ತಿದ ಒಂದು ಕೊಕ್ಕೆ, ಅಷ್ಟೇ. ಅದಕ್ಕೇ ಫ್ಲೈ ಅನ್ನುವುದು. ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ದಾರಕ್ಕೆ. ಹಾಗಾಗಿ ಎಸೆಯಬೇಕಾದ್ದು ದಾರವನ್ನು, ಗರಿ ಸುಮ್ನೆ ಅದರ ಜೊತೆ ಹೋಗಿ ಕೂರುತ್ತದೆ. ಇದು ತಲೆಗೆ ಹೋಗಲು ನನಗೆ ಅರ್ಧ ದಿನ ಹಿಡಿಯಿತು.

ಶನಿವಾರ ಇಡೀ ದಿನ ಭಾವ ಯಾರ ಕೈಗೂ ಕೊಕ್ಕೆ ಕೊಡಲಿಲ್ಲ. ಅತ್ತೆಯ ಹತ್ತಿರ ಇದ್ದ ಕೆಂಪು ಉಣ್ಣೆ ತಂದು, ಒಂದು ಗಂಟು ಹಾಕಿ ಲೀಡರ್, ಅಂದರೆ ದಾರದ ಮುಂದೆ ಸೇರಿಸುವ ತೆಳು ಎಳೆಯ ತುದಿಗೆ ಕಟ್ಟಿದರು. ಮೊದಲು ಕೊಯ್ಲು ಮುಗಿದ ಗದ್ದೆಗೆ ಹೋದೆವು. ತಪ್ಪಾಯಿತು. ದಾರ ಪ್ರತಿ ಸಲ ಕೂಳೆಗೆ ಸಿಕ್ಕಿಕೊಳ್ಳುತ್ತಿತ್ತು. ಅದರ ಮೇಲಿನ ನುಣುಪು ಲೇಪ ಗೀರಿ ಹೋದರೆ ದಾರ ಹಾಳು ಅಂತ ಭಾವ ಎಲ್ಲರನ್ನೂ ಎಬ್ಬಿಸಿಕೊಂಡು ಶಾಲೆಯ ಮೈದಾನಕ್ಕೆ ಹೊರಟರು. ಹುಲ್ಲಿದ್ದ ಮೂಲೆ ಒಂದು ಸಿಕ್ಕಿತು.

ಅಲ್ಲಿ ಕಲಿತದ್ದು ಒಂದೇ ವಿಷಯ. ರಾಡನ್ನು ಹಿಂದಕ್ಕೆ ಬೀಸಿ ತಲೆಯ ಪಕ್ಕ ನಿಲ್ಲಿಸಬೇಕು. ಗಡಿಯಾರದ ಮುಳ್ಳು ಅಂದುಕೊಂಡರೆ ಮುಂದೆ ಹತ್ತು ಗಂಟೆ, ಹಿಂದೆ ಒಂದು ಗಂಟೆ, ಇಷ್ಟರೊಳಗೇ. ಹಿಂದೆ ಬೀಸಿದ ಮೇಲೆ ಕಾಯಬೇಕು. ದಾರ ಗಾಳಿಯಲ್ಲಿ ಬಿಚ್ಚಿಕೊಂಡು ನೆಟ್ಟಗೆ ಆಗುವವರೆಗೆ ಕೈ ಅಲ್ಲಾಡಿಸುವಂತಿಲ್ಲ. ನಾವೆಲ್ಲ ತಪ್ಪಿದ್ದು ಇಲ್ಲೇ. ಬೇಗ ಮುಂದಕ್ಕೆ ತಂದರೆ ಚಾಟಿ ಹೊಡೆದ ಹಾಗೆ ಚಟ್ ಅನ್ನುತ್ತದೆ. ನಿಜವಾದ ಫ್ಲೈ ಇದ್ದರೆ ಆ ಚಟ್‌ಗೆ ಅದು ಕಿತ್ತು ಹೋಗುತ್ತದಂತೆ. ತೀರಾ ತಡ ಮಾಡಿದರೆ ದಾರ ಹಿಂದೆ ನೆಲಕ್ಕೆ ಬೀಳುತ್ತದೆ.

ಮಗಳಿಗೆ ಭಾವ ಹೇಳಿದ್ದು, "ಮುಂದೆ ನೋಡಬೇಡ, ತಿರುಗಿ ಹಿಂದೆ ನೋಡು." ಅವಳು ಕತ್ತು ತಿರುಗಿಸಿ ದಾರವನ್ನೇ ನೋಡುತ್ತಾ ನಿಂತಳು. ಮೊದಲು ಅದು ಇಂಗ್ಲಿಷಿನ ಯು ಅಕ್ಷರ ಮಲಗಿದ ಹಾಗೆ ಬಾಗಿತ್ತು. ಆ ಬಾಗು ಹಿಂದಕ್ಕೆ ಉರುಳುತ್ತಾ ಉರುಳುತ್ತಾ ಚಿಕ್ಕದಾಯಿತು. ಕೊನೆಗೆ ಕೆಂಪು ಉಣ್ಣೆ ತುದಿಯಲ್ಲಿ ಪಟಕ್ ಅಂತ ತಿರುಗಿತು. ಆಗ ಕೈ ಮುಂದೆ ತಂದಳು. ದಾರ ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ ಮಲಗಿತು. ಯಾರೂ ಮಾತಾಡಲಿಲ್ಲ. ಅಪ್ಪ ಮಾತ್ರ "ಇನ್ನೊಂದ್ಸಲ ಹಾಕೇ" ಅಂದರು.

ಮಕ್ಕಳಿರುವ ಮನೆಯವರು ಒಂದು ವಾರಾಂತ್ಯ ಇದಕ್ಕೆ ಇಡಿ ಅಂತ ಹೇಳಬೇಕೆನಿಸಿತು. ಅದಕ್ಕೇ ಬರೆದೆ. ಮೀನಿನ ಆಸೆ ಇಟ್ಟುಕೊಂಡು ಹೋಗಬೇಡಿ, ದಾರ ಬೀಸುವುದನ್ನು ಕಲಿಯಲು ಹೋಗಿ. ಕೊಕ್ಕೆ ಎರಡನೇ ದಿನಕ್ಕೆ ಇರಲಿ.

ಕೋಡಿಬಾಗದವ, ಕಾರವಾರ

ಓದಿ ಖುಷಿಯಾಯಿತು. ನಾನು ಎಂಟು ವರ್ಷದಿಂದ ಕಾಳಿ ಅಳಿವೆಯಲ್ಲಿ ಫ್ಲೈ ಹಾಕುತ್ತಿದ್ದೇನೆ. ಕಲಿಸಲು ಯಾರೂ ಇರಲಿಲ್ಲ, ವಿಡಿಯೋ ನೋಡಿ ಕಲಿತೆ, ಎರಡು ವರ್ಷ ತಪ್ಪೇ ಕಲಿತೆ. ಮೊದಲ ದಿನ ಬರೀ ಉಣ್ಣೆ ಅನ್ನುವುದು ನೂರಕ್ಕೆ ನೂರು ಸರಿ.

ಸಾಮಾನಿನ ಬಗ್ಗೆ ಒಂದಿಷ್ಟು ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಫ್ಲೈ ರಾಡಿಗೆ ಒಂದು ನಂಬರ್ ಇರುತ್ತದೆ. ಆ ನಂಬರ್ ಅದು ಎಷ್ಟು ಭಾರದ ದಾರಕ್ಕೆ ಸರಿ ಅನ್ನುವುದನ್ನು ಹೇಳುತ್ತದೆ. ಚಳಿ ಊರಿನ ಟ್ರೌಟ್ ಮೀನಿಗೆ 5 ನಂಬರ್ ಸಾಕು. ನಮ್ಮ ಅಳಿವೆಯಲ್ಲಿ ಗಾಳಿ ಜಾಸ್ತಿ, ಫ್ಲೈ ದೊಡ್ಡದು, ಮೀನಿಗೂ ಶಕ್ತಿ ಜಾಸ್ತಿ. ಇಲ್ಲಿಗೆ 8 ನಂಬರ್, 9 ಅಡಿ ಉದ್ದದ ರಾಡ್ ಬೇಕು. ರಾಡ್ 8 ಆದರೆ ದಾರವೂ 8 ಆಗಿರಬೇಕು. ನಾನು ಮೊದಲ ಸಲ ಒಂದು ಅಂಗಡಿಯಿಂದ ತರಿಸಿದಾಗ 8ರ ರಾಡಿಗೆ 5ರ ದಾರ ಸುತ್ತಿ ಕಳಿಸಿದ್ದರು. ನನಗೆ ಗೊತ್ತಾಗಲಿಲ್ಲ. ಇಡೀ ಬೇಸಿಗೆ ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಕೊರಗಿದೆ. ದಾರದ ಡಬ್ಬಿ ಮೇಲಿನ ನಂಬರ್ ನೀವೇ ಓದಿ ನೋಡಿ ತೆಗೆದುಕೊಳ್ಳಿ.

ಮನೆಗೆ ಬಂದ ತಕ್ಷಣ ರಾಡ್, ರೀಲ್, ದಾರ ಎಲ್ಲ ಸಿಹಿನೀರಲ್ಲಿ ತೊಳೆಯಬೇಕು. ಉಪ್ಪು ಎರಡೇ ದಿನಕ್ಕೆ ರೀಲನ್ನು ಬಿಗಿ ಮಾಡುತ್ತದೆ.

ಇನ್ನು ಗಾಳಿ. ಚಳಿಗಾಲದಿಂದ ಬೇಸಿಗೆವರೆಗೆ ನಮ್ಮಲ್ಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರು. ಕಲಿಯುವವರು ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಬಲಗೈಯವರಿಗೆ ಬಲಗಡೆಯಿಂದ ಗಾಳಿ ಬಂದರೆ ಕೊಕ್ಕೆ ನೇರ ಮುಖದ ಕಡೆ ಬರುತ್ತದೆ. ಕನ್ನಡಕ, ಟೋಪಿ ಇಲ್ಲದೆ ಮಕ್ಕಳ ಕೈಗೆ ರಾಡ್ ಕೊಡಲೇಬೇಡಿ.

ಸಿದ್ದಾಪುರದ ಅಮ್ಮ

ಒಂದು ಪ್ರಶ್ನೆ ಕೇಳಲಾ? ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮಗಳಿಗೆ ಹನ್ನೊಂದು ವರ್ಷ. ಬೇಸಿಗೆ ರಜೆಯಲ್ಲಿ ಊಟಿಗೆ ಹೋದಾಗ ಯಾರೋ ಹೀಗೆ ದಾರ ಬೀಸುವುದು ನೋಡಿ ಬಂದವಳು, ಈಗ ಮನೆ ಹಿಂದಿನ ತೋಟದಲ್ಲಿ ಬಿದಿರಿನ ಕೋಲಿಗೆ ಸುತಲಿ ಕಟ್ಟಿಕೊಂಡು ದಿನಾ ಬೀಸುತ್ತಾಳೆ. ನನ್ನ ಅತ್ತೆಗೆ ಬೇಜಾರು. ತಿನ್ನದ ಮೀನನ್ನು ಬಾಯಿಗೆ ಕೊಕ್ಕೆ ಹಾಕಿ ಎಳೆದು ಮತ್ತೆ ಬಿಡುವುದು ಯಾವ ಆಟ ಅಂತ ಕೇಳುತ್ತಾರೆ. ನನಗೆ ಉತ್ತರ ಕೊಡಲು ಆಗಲಿಲ್ಲ. ಮಗಳ ಆಸೆಯೂ ನಿಜ, ಅತ್ತೆ ಹೇಳಿದ್ದೂ ನಿಜ ಅಲ್ವಾ?

ಕುರ್ವೆ ಮನೆ, ಕುಮಟಾ ತಾಲೂಕು

ಅಕ್ಕ, ನಿಮ್ಮ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ನಾವು ಹೊಳೆ ನಂಬಿ ಬದುಕುವವರು. ಅಜ್ಜ ಬೀಸುಬಲೆ ಹಾಕುತ್ತಿದ್ದ, ಅಪ್ಪ ಹಾಕುತ್ತಾನೆ, ನಾನೂ ಹಾಕುತ್ತೇನೆ. ನಮ್ಮಲ್ಲಿ ಮೀನು ಹಿಡಿಯುವುದು ತಿನ್ನಲಿಕ್ಕೆ, ಮಾರಲಿಕ್ಕೆ. ಸುಮ್ನೆ ಹಿಡಿದು ಬಿಡುವುದನ್ನು ಮೊದಲ ಸಲ ನೋಡಿದಾಗ ನನಗೂ ಹಿಡಿಸಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ.

ಆದರೆ ಬಿಡುವುದರಲ್ಲಿ ಒಂದು ಲೆಕ್ಕ ಇದೆ. ಅಳಿವೆಯ ಚೋಣಕ ಮೀನು ಗೊತ್ತಲ್ಲ, ಇಂಗ್ಲಿಷಿನಲ್ಲಿ ಬಾರಾಮುಂಡಿ ಅಂತಾರೆ? ಅದು ಚಿಕ್ಕದಿದ್ದಾಗ ಗಂಡು. ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಹೊಳೆಯಲ್ಲಿರುವ ದೊಡ್ಡ ಚೋಣಕ ಬಹುತೇಕ ಎಲ್ಲ ಮೊಟ್ಟೆ ಇಡುವ ತಾಯಂದಿರು. ದೊಡ್ಡದನ್ನು ಬಿಟ್ಟವನು ಮುಂದಿನ ವರ್ಷದ ಮರಿಗಳನ್ನು ಬಿಟ್ಟ ಹಾಗೆ. ಇದು ಗೊತ್ತಾದ ಮೇಲೆ ನನ್ನ ಅಪ್ಪನೇ ಒಂದು ಸಲ ಬಲೆಯಿಂದ ದೊಡ್ಡದೊಂದನ್ನು ವಾಪಸ್ ಬಿಟ್ಟಿದ್ದ.

ನಿಮ್ಮ ಮಗಳಿಗೆ ಉಣ್ಣೆ ಕಟ್ಟಿ ಬೀಸಲಿಕ್ಕೆ ಬಿಡಿ. ಅದರಲ್ಲಿ ಯಾವ ಮೀನಿಗೂ ನೋವಿಲ್ಲ.

ಕೋಡಿಬಾಗದವ, ಕಾರವಾರ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೊಕ್ಕೆ ಇಲ್ಲದೆ ಬರೀ ದಾರ ಬೀಸುವುದಕ್ಕೇ ಹೊರದೇಶಗಳಲ್ಲಿ ಸ್ಪರ್ಧೆ ನಡೆಯುತ್ತದೆ. ದೂರ ಎಷ್ಟು, ಗುರಿ ಸರಿಯಾಗಿದೆಯಾ ಅಂತ ನೋಡುತ್ತಾರೆ. ಮೀನೇ ಇಲ್ಲ ಅಲ್ಲಿ. ಹಾಗಾಗಿ ಮಗಳು ಇದನ್ನು ಜೀವನಪೂರ್ತಿ ಮಾಡಬಹುದು, ಒಂದು ಮೀನನ್ನೂ ಮುಟ್ಟದೆ.

ಮೀನು ಹಿಡಿಯುವವರು ಮಾತ್ರ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಆ ಮುಳ್ಳು ಇರುವುದು ಕೊಕ್ಕೆ ಹೊರಗೆ ಬರದಿರಲಿ ಅಂತ. ಒತ್ತಿಬಿಟ್ಟರೆ ಕೊಕ್ಕೆ ಬಂದ ದಾರಿಯಲ್ಲೇ ಸಲೀಸಾಗಿ ಹೊರಗೆ ಬರುತ್ತದೆ. ಮೀನಿನ ಬಾಯಿಂದಲೂ, ಮಕ್ಕಳ ಬೆರಳಿಂದಲೂ. ನನ್ನ ಕಿವಿಯಿಂದ ಒಂದು ಸಲ ಹೀಗೇ ಬಂತು. ಮುಳ್ಳು ಇದ್ದಿದ್ದರೆ ಡಾಕ್ಟರ ಹತ್ತಿರ ಹೋಗಬೇಕಿತ್ತು.

ಅಂಕೋಲೆ ಮೇಷ್ಟ್ರು

ನಿವೃತ್ತ ಮೇಷ್ಟ್ರು ನಾನು, ಗಂಗಾವಳಿ ಪಕ್ಕದವ. ಗರಿಯಿಂದ ಮೀನು ಹಿಡಿಯುವುದು ಹೊಸ ಶೋಕಿ ಅಂತ ನಮ್ಮ ಕಟ್ಟೆಯಲ್ಲಿ ಕೆಲವರು ಹೇಳುತ್ತಿದ್ದರು. ಹಾಗಲ್ಲ. ಸುಮಾರು 1800 ವರ್ಷದ ಹಿಂದೆಯೇ ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕುತ್ತಿಗೆಯ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರು ಅಂತ ರೋಮನ್ ಕಾಲದ ಬರಹದಲ್ಲಿ ಇದೆ. ನೀವು ಕೆಂಪು ಉಣ್ಣೆ ಅಂದಾಗ ಅದೇ ನೆನಪಾಯಿತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಬ್ರಿಟಿಷರ ಜೊತೆ. ಕಾಶ್ಮೀರಕ್ಕೆ, ನೀಲಗಿರಿಗೆ ಟ್ರೌಟ್ ಮರಿ ತಂದು ಬಿಟ್ಟವರು ಅವರೇ. ಟ್ರೌಟಿಗೆ ತಣ್ಣನೆ ನೀರು ಬೇಕು, ನಮ್ಮ ಹೊಳೆಗಳಲ್ಲಿ ಅದು ಬದುಕುವುದಿಲ್ಲ. ಹಾಗಂತ ಫ್ಲೈ ಬರೀ ಟ್ರೌಟಿಗೆ ಅನ್ನುವುದು ತಪ್ಪು. ಅಳಿವೆಯ ಮೀನಿಗೆ ಹುಳದ ಬದಲು ಸಣ್ಣ ಮೀನಿನ, ಸೀಗಡಿಯ ವೇಷ ಕಟ್ಟಬೇಕು, ಅಷ್ಟೇ ವ್ಯತ್ಯಾಸ.

ಬೆಡ್ತಿ ಕಣಿವೆ, ಯಲ್ಲಾಪುರ

ಘಟ್ಟದ ಮೇಲೆ ಎಲ್ಲಾದರೂ ಮಾಡಬಹುದಾ? ನಮಗೆ ಪ್ರತಿ ಸಲ ಸಮುದ್ರದ ಕಡೆ ಇಳಿಯುವುದು ಕಷ್ಟ. ದಾಂಡೇಲಿ ಹತ್ತಿರ ಕಾಳಿ ನದಿಯಲ್ಲಿ ಮಹಸೀರ್ ಇದೆ ಅಂತ ಕೇಳಿದ್ದೇನೆ.

ಕೋಡಿಬಾಗದವ, ಕಾರವಾರ

ದಯವಿಟ್ಟು ಆ ಯೋಚನೆ ಬಿಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗಾಳ ಹಾಕುವಂತಿಲ್ಲ. ದೇವಸ್ಥಾನದ ಹತ್ತಿರ ದೇವರ ಮೀನು ಅಂತ ಸಾಕಿದ ಗುಂಡಿಗಳಿಗೂ ಹೋಗಬೇಡಿ. ಇನ್ನು ಅಣೆಕಟ್ಟಿನ ಕೆಳಗಿನ ಹೊಳೆ. ಕದ್ರಾದ ಕೆಳಗೆ ಕಾಳಿ, ಗೇರುಸೊಪ್ಪೆಯ ಕೆಳಗೆ ಶರಾವತಿ, ಎರಡೂ ಕಡೆ ನೀರು ಬಿಟ್ಟರೆ ಮಳೆ ಇಲ್ಲದ ದಿನವೂ ಹೊಳೆ ಏರುತ್ತದೆ. ಮಕ್ಕಳನ್ನು ಅಲ್ಲಿ ನೀರಿಗೆ ಇಳಿಸಬೇಡಿ. ಪರಿಚಯದವರ ತೋಟದ ಕೆರೆ ಇದ್ದರೆ ಕೇಳಿ ನೋಡಿ, ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಶರಾವತಿ ತೀರ, ಹೊನ್ನಾವರ

ಎಲ್ಲ ಸರಿ. ಮೀನು ಸಿಕ್ತಾ ಇಲ್ವಾ? ಭಾನುವಾರದ ಕತೆ ಹೇಳಲೇ ಇಲ್ಲ ನೀವು!

ದೇವಿಮನೆ ಘಟ್ಟ, ಶಿರಸಿ

ಹೇಳುತ್ತೇನೆ. ಸಂಜೆ ಬರೆಯೋಣ ಅಂತ ಇಟ್ಟಿದ್ದೆ.

ಶನಿವಾರ ರಾತ್ರಿ ಭಾವ ಫ್ಲೈ ಕಟ್ಟಲು ಕೂತರು. ಅತ್ತೆ ಮನೆಯ ಹುಂಜದ್ದೇ ಗರಿ. ಮಗ ಅಂಗಳದಲ್ಲೆಲ್ಲ ಹುಡುಕಿ ಉದುರಿದ ಬಿಳಿ ಗರಿ ತಂದು ಕೊಟ್ಟ. ಕೊಕ್ಕೆಯನ್ನು ಸಣ್ಣ ಇಕ್ಕಳಕ್ಕೆ ಸಿಕ್ಕಿಸಿ, ಮೊದಲು ದಾರ ಸುತ್ತಿ, ಕಣ್ಣಿನ ಜಾಗದಲ್ಲಿ ಎರಡು ಸಣ್ಣ ಲೋಹದ ಮಣಿ ಕಟ್ಟಿ, ಮೇಲೆ ಬಿಳಿ ಎಳೆ, ಒಂದೆರಡು ಮಿನುಗುವ ಜರಿ. ಕ್ಲೌಸರ್ ಮಿನ್ನೋ ಅಂತ ಇದಕ್ಕೆ ಹೆಸರು. ಮಣಿಯ ಭಾರಕ್ಕೆ ಅದು ತಲೆಕೆಳಗಾಗಿ ಈಜುತ್ತದೆ, ಕೊಕ್ಕೆಯ ಮೊನೆ ಮೇಲೆ ಬರುತ್ತದೆ. ಹಾಗಾಗಿ ತಳದ ಬೇರಿಗೆ ಸಿಕ್ಕಿಕೊಳ್ಳುವುದು ಕಮ್ಮಿ. ಹೆಂಡತಿ ಜರಿ ಸಾಲದು ಅಂತ ತನ್ನ ಹಳೇ ಸೀರೆಯ ಅಂಚಿನಿಂದ ಎರಡು ಎಳೆ ಎಳೆದು ಕೊಟ್ಟಳು.

ಭಾನುವಾರ ಬೆಳಿಗ್ಗೆ ಆರಕ್ಕೆ ದೋಣಿ. ಪಕ್ಕದ ಮನೆಯ ಅಣ್ಣ ಒಬ್ಬರು ಕರೆದುಕೊಂಡು ಹೋದರು. ಮಕ್ಕಳಿಬ್ಬರಿಗೂ ಲೈಫ್ ಜಾಕೆಟ್ ಹಾಕಿಸಿದ್ದೆವು. ಐಗಳಕುರ್ವೆ ಕಡೆ ಹೋಗುವ ದಾರಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ದೋಣಿ ನಿಲ್ಲಿಸಿದರು. ಇಳಿತ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಕಾಂಡ್ಲಾ ಬೇರುಗಳ ನಡುವಿನಿಂದ ನೀರು ಹೊರಗೆ ಬರುತ್ತಿತ್ತು. ಆ ಅಣ್ಣ ಬೆರಳು ತೋರಿಸಿ, "ಸಣ್ಣ ಮೀನು ನೀರಿನ ಜೊತೆ ಹೊರಗೆ ಬರಲೇಬೇಕು. ದೊಡ್ಡದು ಅಲ್ಲೇ ಬೇರಿನ ನೆರಳಲ್ಲಿ ಕಾಯ್ತಿರ್ತದೆ" ಅಂದರು.

ಮೊದಲು ಒಂದು ಗಂಟೆ ಏನೂ ಇಲ್ಲ. ನಾನು ಎರಡು ಫ್ಲೈ ಕಾಂಡ್ಲಾ ಕೊಂಬೆಗೆ ಕೊಟ್ಟೆ. ದೋಣಿ ಅಲ್ಲಾಡುವಾಗ ಮೈದಾನದಲ್ಲಿ ಕಲಿತದ್ದೆಲ್ಲ ಮರೆತು ಹೋಗುತ್ತದೆ. ಅಪ್ಪ ಕೂತುಕೊಂಡೇ ಚೆನ್ನಾಗಿ ಹಾಕಿದರು. ಆಮೇಲೆ ಭಾವ ಆ ದೋಣಿಯ ಅಣ್ಣನ ಕೈಗೆ ರಾಡ್ ಕೊಟ್ಟರು. ಅವರು ಅದನ್ನು ಮೊದಲ ಸಲ ಹಿಡಿದದ್ದು. ನಾಲ್ಕನೇ ಬೀಸಿಗೆ ದಾರ ನೆಟ್ಟಗೆ ಹೋಗಿ ಬೇರಿನ ಪಕ್ಕದಲ್ಲೇ ಬಿತ್ತು. ನಾವು ಒಂದಿಡೀ ದಿನ ಒದ್ದಾಡಿದ್ದನ್ನು ಅವರು ನಾಲ್ಕು ಬೀಸಿಗೆ ಕಲಿತರು. ಹೇಗೆ ಅಂತ ಕೇಳಿದೆ. "ಬಲೆಯೂ ಇದೇ ಅಲ್ವಾ, ಕೈಯಿಂದ ಎಸೆದರೆ ಬಿಚ್ಚೋದಿಲ್ಲ, ಸೊಂಟ ತಿರುಗಬೇಕು, ಬಿಡೋ ಹೊತ್ತು ಗೊತ್ತಿರಬೇಕು" ಅಂದರು.

ಮೀನು ಸಿಕ್ಕಿದ್ದು ಮಗಳಿಗೆ. ಒಂದು ಗೇಣು ಉದ್ದದ ಚೋಣಕ. ಫ್ಲೈ ಬಿದ್ದ ಮೇಲೆ ಅವಳು ಎಡಗೈಯಲ್ಲಿ ದಾರವನ್ನು ಗೇಣು ಗೇಣಾಗಿ ಎಳೆಯುತ್ತಿದ್ದಳು, ಸಣ್ಣ ಮೀನು ಹೆದರಿ ಓಡುವ ಹಾಗೆ. ಮೂರನೇ ಎಳೆತಕ್ಕೆ ದಾರ ನಿಂತಿತು. ಬೇರಿಗೆ ಸಿಕ್ಕಿತು ಅಂದುಕೊಂಡಳು. ಬೇರು ಪಕ್ಕಕ್ಕೆ ಓಡಲು ಶುರು ಮಾಡಿದಾಗ ಕೂಗಿದಳು. ಭಾವ ಅವಳ ಕೈ ಮೊದಲು ನೀರಲ್ಲಿ ಅದ್ದಿಸಿದರು. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಅದಕ್ಕೆ ರೋಗ ಹಿಡಿಯುತ್ತದಂತೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಹರಿತ, ಅಲ್ಲಿ ಮುಟ್ಟಬೇಡ ಅಂದರು. ಮೀನನ್ನು ನೀರಿನಿಂದ ಮೇಲೆ ಎತ್ತಲೇ ಇಲ್ಲ. ಬಿಸಿಲಿಗೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯಿತು. ಕೊಕ್ಕೆ ಜಾರಿ ಬಂತು. ಮಗಳು ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಹಿಡಿದಿದ್ದಳು. ಅದು ಎರಡು ಸಲ ಬಾಲ ಆಡಿಸಿ ಹೋಯಿತು. ಅವಳ ಅಂಗೈ ಮಾತ್ರ ನೀರಲ್ಲೇ ಸ್ವಲ್ಪ ಹೊತ್ತು ಹಾಗೇ ಇತ್ತು.

ನಾವು ಮೀನು ತಿನ್ನುವವರೇ. ಮಧ್ಯಾಹ್ನ ಅತ್ತೆ ಬಂಗುಡೆ ಸಾರು ಮಾಡಿದ್ದರು, ಉಂಡೆವು. ಮಗಳೂ ಉಂಡಳು. ಸಿದ್ದಾಪುರದ ಅಕ್ಕ, ನಿಮ್ಮ ಅತ್ತೆಯ ಪ್ರಶ್ನೆ ಓದಿದ ಮೇಲೆ ಇದನ್ನು ಮುಚ್ಚಿಡಬಾರದು ಅನಿಸಿತು. ನನ್ನ ಹತ್ತಿರವೂ ಅದಕ್ಕೆ ಉತ್ತರ ಇಲ್ಲ.

ಸಿದ್ದಾಪುರದ ಅಮ್ಮ

ಬರೆದದ್ದಕ್ಕೆ ಉಪಕಾರವಾಯಿತು. ಅತ್ತೆಗೆ ಓದಿ ಹೇಳಿದೆ. ಉಣ್ಣೆ ಕಟ್ಟಿ ಬೀಸುವುದಾದರೆ ಅಡ್ಡಿ ಇಲ್ಲ ಅಂದರು. ಕೆಂಪು ಉಣ್ಣೆ ತಾವೇ ಹುಡುಕಿ ಕೊಟ್ಟಿದ್ದಾರೆ.

ಕುರ್ವೆ ಮನೆ, ಕುಮಟಾ ತಾಲೂಕು

ಇದನ್ನು ಓದಿ ಇನ್ನೂ ನಾಲ್ಕು ಮನೆಯವರು ಹೊರಟಾರು ಅಂತ ಕೆಲವು ಮಾತು ಹೇಳುತ್ತೇನೆ. ಬರಬೇಡಿ ಅಂತಲ್ಲ, ಬನ್ನಿ. ನಮ್ಮ ಹೊಳೆಗೆ ಅಣೆಕಟ್ಟಿಲ್ಲ. 2024ರಲ್ಲಿ ಅಳಿವೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ನೋಡಲು ಜನ ಬರಲಿ. ಆದರೆ ಹೊಳೆ ಖಾಲಿ ಜಾಗ ಅಲ್ಲ, ನಮ್ಮ ಕೆಲಸದ ಜಾಗ.

ಗಜನಿ ಅಂದರೆ ಹೊಳೆಯ ಉಪ್ಪುನೀರು ಬರುವ ತಗ್ಗು ಗದ್ದೆ. ಅದರ ಜಂತ್ರಡಿ, ಅಂದರೆ ನೀರು ಬಿಡುವ ತೂಬಿನ ಹತ್ತಿರ ಇಳಿತದಲ್ಲಿ ಮೀನು ಸೇರುತ್ತದೆ, ನಿಜ. ಆದರೆ ಗಜನಿಯ ಮೀನು ಹಿಡಿಯುವುದನ್ನು ಗುತ್ತಿಗೆ ಕೊಟ್ಟಿರುತ್ತಾರೆ. ದುಡ್ಡು ಕಟ್ಟಿದವನು ಅಲ್ಲಿ ಬಲೆ ಇಟ್ಟಿರುತ್ತಾನೆ. ಕೇಳದೆ ಅಲ್ಲಿ ದಾರ ಬೀಸಬೇಡಿ. ಬಲೆಯ ಬೆಂಡು ತೇಲುತ್ತಿದ್ದರೆ ದೂರ ಹೋಗಿ. ಬೆಳಚು (ಚಿಪ್ಪಿನ ಜೀವಿ) ಹೆಕ್ಕುವ ಹೆಂಗಸರು ಇಳಿತದಲ್ಲಿ ನೀರಲ್ಲಿ ಕೂತಿರುತ್ತಾರೆ. ಅವರ ತಲೆಯ ಮೇಲೆ ಕೊಕ್ಕೆ ಹಾರಿಸಬಾರದು. ಒಬ್ಬರು ಹೀಗೆ ಮಾಡಿ ನನ್ನ ಚಿಕ್ಕಮ್ಮನ ಸೆರಗಿಗೆ ಸಿಕ್ಕಿಸಿದ್ದರು. ಕಣ್ಣಿಗೆ ಆಗಿದ್ದರೆ? ಕೋಪ ಇನ್ನೂ ಹೋಗಿಲ್ಲ ನನಗೆ.

ನೀರಿಗೆ ಇಳಿದರೆ ಕಾಲು ಎತ್ತಿ ಇಡಬೇಡಿ, ಮರಳಲ್ಲಿ ಎಳೆದುಕೊಂಡು ನಡೆಯಿರಿ. ತೊರಕೆ ಮೀನು ಮರಳಿನ ಕೆಳಗೆ ಮಲಗಿರುತ್ತದೆ. ಕಾಲು ತಾಗಿದರೆ ಎದ್ದು ಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳಿಂದ ಹೊಡೆಯುತ್ತದೆ. ಮುಳ್ಳು ತಾಗಿದರೆ ತಡೆದುಕೊಳ್ಳುವಷ್ಟು ಬಿಸಿನೀರಲ್ಲಿ ಕಾಲು ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಬಿಸಿಗೆ ನೋವು ಇಳಿಯುತ್ತದೆ. ಬರಿಗಾಲಲ್ಲಿ ಅಂತೂ ಬೇಡ, ಚಿಪ್ಪು ಕೊಯ್ಯುತ್ತದೆ.

ಮಳೆಗಾಲದಲ್ಲಿ ಬರಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ಮೀನು ಮೊಟ್ಟೆ ಇಡುವ ಕಾಲ. ನಿಮ್ಮ ರಾಡಿಗೆ ಆ ಕಾನೂನು ತಾಗದೇ ಇರಬಹುದು, ಆದರೂ ಬಿಡಿ. ಹೊಳೆಯೂ ಆಗ ಕೆಂಪು, ನಿಮ್ಮ ಗರಿ ಯಾವ ಮೀನಿಗೂ ಕಾಣುವುದಿಲ್ಲ.

ಶರಾವತಿ ತೀರ, ಹೊನ್ನಾವರ

ಭರತ ಇಳಿತ ನೋಡುವುದು ಹೇಗೆ? ಮೊಬೈಲಲ್ಲಿ ಬರುತ್ತದೆ ಅಂತಾರೆ, ನನಗೆ ಅರ್ಥ ಆಗುವುದಿಲ್ಲ.

ಕುರ್ವೆ ಮನೆ, ಕುಮಟಾ ತಾಲೂಕು

ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿ ಆಸುಪಾಸು ನೀರು ಮೆತ್ತಗೆ. ಕಲಿಯುವವರಿಗೆ, ಮಕ್ಕಳ ಜೊತೆ ಬರುವವರಿಗೆ ಅಷ್ಟಮಿಯೇ ಒಳ್ಳೆಯದು. ಭರತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರಕ್ಕೆ ಅಂದರೆ ನಾಳೆ ಏಳಕ್ಕೆ ಹತ್ತು ನಿಮಿಷ ಮುಂಚೆ. ಮನೆಯಿಂದ ಹೊರಡುವ ಮುಂಚೆ ದಡದಲ್ಲಿರುವ ಯಾರಿಗಾದರೂ ಒಂದು ಫೋನ್ ಮಾಡಿ ಕೇಳಿ.

ದೇವಿಮನೆ ಘಟ್ಟ, ಶಿರಸಿ

ಇದನ್ನು ಮಗಳಿಗೆ ಓದಿ ಹೇಳಿದೆ. ಕ್ಯಾಲೆಂಡರ್ ಕೆಳಗಿಳಿಸಿ ಕೂತು ಶನಿವಾರ, ಭಾನುವಾರದ ಹತ್ತಿರ ಬರುವ ಅಷ್ಟಮಿ ಹುಡುಕಿದ್ದಾಳೆ. ಪರೀಕ್ಷೆಗೆ ಮುಂಚೆ ಒಂದು, ಆಮೇಲೆ ಎರಡು. ಮೂರಕ್ಕೂ ಕೆಂಪು ಪೆನ್ನಲ್ಲಿ ಗುರುತು ಹಾಕಿ, ದೋಣಿ ಅಣ್ಣನಿಗೆ ಈಗಲೇ ಫೋನ್ ಮಾಡು ಅಂತ ಪಕ್ಕದಲ್ಲಿ ನಿಂತಿದ್ದಾಳೆ.